ಸ್ವಂತ ಫ್ಯಾಬ್ ಖಾಲಿ, ಕೆಲಸ ತೈವಾನಿಗೆ: ಇಂಟೆಲ್ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಲಿಪ್-ಬು ಟಾನ್ ಅವರಿಗೆ ಮತ್ತು ಇಂಟೆಲ್ ಆಡಳಿತ ಮಂಡಳಿಯ ಸದಸ್ಯರಿಗೆ,

ನಮಸ್ಕಾರ.

2025ರ ಜುಲೈನಲ್ಲಿ ನೀವು ನಿಮ್ಮ ನೌಕರರಿಗೆ ಒಂದು ಪತ್ರ ಬರೆದಿರಿ. ಬೇಡಿಕೆ ಸರಿಯಾಗಿ ಇಲ್ಲದಿದ್ದರೂ ಕಂಪನಿ ಅವಸರದಲ್ಲಿ ತುಂಬಾ ಹಣ ಹೂಡಿತು, ಕಾರ್ಖಾನೆಗಳು ಅಲ್ಲಲ್ಲಿ ಚದುರಿಹೋದವು, ಪೂರ್ತಿ ಬಳಕೆಯಾಗದೆ ಉಳಿದವು ಎಂದು ಅದರಲ್ಲಿ ಒಪ್ಪಿಕೊಂಡಿರಿ. ಅದೇ ಹೊತ್ತಿಗೆ ಜರ್ಮನಿ ಮತ್ತು ಪೋಲೆಂಡ್ ಯೋಜನೆಗಳನ್ನು ಕೈಬಿಟ್ಟಿರಿ. ಒಹಾಯೋದ ಕಟ್ಟಡ ಕೆಲಸ ನಿಧಾನ ಮಾಡಿದಿರಿ. ವರ್ಷದ ಕೊನೆಗೆ ನೌಕರರ ಸಂಖ್ಯೆಯನ್ನು ಸುಮಾರು 75,000ಕ್ಕೆ ಇಳಿಸುವುದಾಗಿ ಹೇಳಿದಿರಿ.

ಇದರ ಜೊತೆಗೆ ಇಟ್ಟು ನೋಡಬೇಕಾದ ಇನ್ನೊಂದು ಲೆಕ್ಕ ಇದೆ. ನಿಮ್ಮ ಹಿಂದಿನ ಮುಖ್ಯಸ್ಥ ಪ್ಯಾಟ್ ಗೆಲ್ಸಿಂಗರ್ 2024ರ ಏಪ್ರಿಲ್‌ನಲ್ಲಿ ಹೇಳಿದ್ದು: ಇಂಟೆಲ್ ತನ್ನ ವೇಫರ್‌ಗಳಲ್ಲಿ (ಚಿಪ್‌ಗಳನ್ನು ಮಾಡುವ ಸಿಲಿಕಾನ್ ತಟ್ಟೆಗಳಲ್ಲಿ) ಶೇ 30ರಷ್ಟನ್ನು ಹೊರಗಡೆ, ತೈವಾನಿನ ಟಿಎಸ್‌ಎಂಸಿಯಂಥ ಕಂಪನಿಗಳಲ್ಲಿ ಮಾಡಿಸುತ್ತಿದೆ. ಅಂದರೆ ಒಂದು ಕಡೆ ಸ್ವಂತ ಫ್ಯಾಬ್‌ಗಳಿಗೆ, ಅಂದರೆ ಚಿಪ್ ಕಾರ್ಖಾನೆಗಳಿಗೆ, ಸಾಕಷ್ಟು ಕೆಲಸ ಇರಲಿಲ್ಲ. ಇನ್ನೊಂದು ಕಡೆ ಸುಮಾರು ಮೂರನೇ ಒಂದು ಭಾಗ ಕೆಲಸ ಹೊರಗೆ ಹೋಗುತ್ತಿತ್ತು. ನಾನು ಬರೆಯುತ್ತಿರುವುದು ಇದರ ಬಗ್ಗೆ.

ನಾನು ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೆಲಸ ಮಾಡುವವನು. ಇಂಟೆಲ್ ನೌಕರನಲ್ಲ, ಹಿಂದೆ ಯಾವತ್ತೂ ಆಗಿರಲಿಲ್ಲ. ನಿಮ್ಮ ಷೇರೂ ನನ್ನ ಹತ್ತಿರ ಇಲ್ಲ. ಆದರೆ ಅಮೆರಿಕ ಬಿಟ್ಟರೆ ನಿಮ್ಮ ಅತಿ ದೊಡ್ಡ ವಿನ್ಯಾಸ ಕೇಂದ್ರ ಇರುವುದು ಭಾರತದಲ್ಲಿ, ಅದರಲ್ಲೂ ಮುಖ್ಯವಾಗಿ ನಮ್ಮ ಊರಲ್ಲಿ. ನಿಮ್ಮ ಕಂಪನಿಯಲ್ಲಿ ಕೆಲಸ ಮಾಡುವವರು ನನ್ನ ನೆರೆಹೊರೆಯವರು, ಕಾಲೇಜಿನ ಸ್ನೇಹಿತರು. ಕನ್ನಡದಲ್ಲಿ ಬರೆಯುತ್ತಿರುವುದೂ ಅದಕ್ಕೇ. ಯಾವ ಚಿಪ್ ಯಾವ ಫ್ಯಾಬ್‌ಗೆ ಹೋಗಬೇಕು ಅನ್ನುವ ಮಾತು ಈ ಊರಿನ ಸಾವಿರಾರು ಮನೆಗಳ ಮಾತು. ಅವರೂ ಇದನ್ನು ಓದಬೇಕು.

ಮೊದಲು ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳುತ್ತೇನೆ. ಹೊರಗೆ ಹೋಗಿದ್ದೇ ತಪ್ಪು ಅಂತ ನಾನು ವಾದ ಮಾಡುತ್ತಿಲ್ಲ. ನಿಮ್ಮ 10 ನ್ಯಾನೋಮೀಟರ್ ಪ್ರೊಸೆಸ್ (ಪ್ರೊಸೆಸ್ ಅಂದರೆ ಚಿಪ್ ತಯಾರಿಸುವ ವಿಧಾನದ ಒಂದು ತಲೆಮಾರು, ಅಂಕಿ ಸಣ್ಣದಾದಷ್ಟು ಹೊಸದು) ವರ್ಷಗಟ್ಟಲೆ ತಡವಾಯಿತು. 2020ರ ಜುಲೈನಲ್ಲಿ ಆಗಿನ ಮುಖ್ಯಸ್ಥ ಬಾಬ್ ಸ್ವಾನ್ 7 ನ್ಯಾನೋಮೀಟರ್ ಕೂಡ ತಡ ಎಂದು ಪ್ರಕಟಿಸಿದರು. ಷೇರು ಒಂದೇ ದಿನದಲ್ಲಿ ಶೇ 16ರಷ್ಟು ಬಿತ್ತು. ಕಾರಣಗಳಲ್ಲಿ ಒಂದು, ಸಿಲಿಕಾನ್ ಮೇಲೆ ಅತಿ ಸಣ್ಣ ಗೆರೆಗಳನ್ನು ಮೂಡಿಸುವ ಇಯುವಿ ಯಂತ್ರ. ಈ ಯಂತ್ರ ಮಾಡುವ ಎಎಸ್‌ಎಂಎಲ್ ಕಂಪನಿಯಲ್ಲಿ ಇಂಟೆಲ್ 2012ರಲ್ಲೇ ಪಾಲು ಕೊಂಡಿತ್ತು. ಆದರೂ ಅದನ್ನು ಉತ್ಪಾದನೆಗೆ ಬಳಸುವುದರಲ್ಲಿ ಹಿಂದೆ ಬಿತ್ತು, ಟಿಎಸ್‌ಎಂಸಿ ಮುಂದೆ ಹೋಯಿತು. ಅಂಥ ಹೊತ್ತಲ್ಲಿ ಗಿರಾಕಿಗೆ ಒಳ್ಳೆಯ ಚಿಪ್ ಕೊಡಬೇಕು ಅಂದರೆ ಹೊರಗೆ ಹೋಗದೆ ದಾರಿ ಇರಲಿಲ್ಲ. 2024ರಲ್ಲಿ ಬಂದ ನಿಮ್ಮ ಲ್ಯಾಪ್‌ಟಾಪ್ ಪ್ರೊಸೆಸರ್ ಲೂನಾರ್ ಲೇಕ್‌ನ ಕಂಪ್ಯೂಟ್ ಟೈಲ್ (ಲೆಕ್ಕಾಚಾರ ಮಾಡುವ ಮುಖ್ಯ ತುಂಡು) ಟಿಎಸ್‌ಎಂಸಿಯ 3 ನ್ಯಾನೋಮೀಟರ್‌ನಲ್ಲಿ ಆಯಿತು. ಇನ್ನೊಂದು ಪ್ರೊಸೆಸರ್ ಆರೋ ಲೇಕ್‌ನದ್ದೂ ಅಲ್ಲೇ ಆಯಿತು. ಆ ಮಟ್ಟದ ಪ್ರೊಸೆಸ್ ನಿಮ್ಮ ಹತ್ತಿರ ಆಗ ಸಿದ್ಧ ಇರಲಿಲ್ಲ. ಹಳೆಯ ಫ್ಯಾಬ್ ಎಷ್ಟೇ ಖಾಲಿ ಇದ್ದರೂ ಅದರಲ್ಲಿ 3 ನ್ಯಾನೋಮೀಟರ್ ಚಿಪ್ ಮಾಡೋಕೆ ಆಗುವುದಿಲ್ಲ. ಇದು ಈ ಕ್ಷೇತ್ರದಲ್ಲಿ ಇರುವ ಯಾರಿಗಾದರೂ ಗೊತ್ತು.

ನನ್ನ ತಕರಾರು ಬೇರೆ. ತುರ್ತಿಗೆ ಹಿಡಿದ ದಾರಿ ನಿಧಾನವಾಗಿ ಅಭ್ಯಾಸ ಆಗಿಬಿಟ್ಟಿದೆ.

2023ರ ಡಿಸೆಂಬರಿನಲ್ಲಿ ಬಂದ ಮೀಟಿಯರ್ ಲೇಕ್ ನೋಡಿ. ಒಂದೇ ಚಿಪ್ ಬದಲು ಹಲವು ಸಣ್ಣ ಟೈಲ್‌ಗಳನ್ನು ಪಕ್ಕ ಪಕ್ಕ ಜೋಡಿಸಿ ಮಾಡಿದ ಪ್ರೊಸೆಸರ್ ಅದು. ಕಂಪ್ಯೂಟ್ ಟೈಲ್ ನಿಮ್ಮದೇ ಇಂಟೆಲ್ 4 ಪ್ರೊಸೆಸ್‌ನಲ್ಲಿ ಆಯಿತು. ತಳದ ಟೈಲ್ ನಿಮ್ಮದೇ 22 ನ್ಯಾನೋಮೀಟರ್‌ನಲ್ಲಿ. ಗ್ರಾಫಿಕ್ಸ್ ಟಿಎಸ್‌ಎಂಸಿಯ 5 ನ್ಯಾನೋಮೀಟರ್‌ನಲ್ಲಿ, ಅದನ್ನು ಒಪ್ಪೋಣ. ಆದರೆ ಹೊರಗಿನ ಸಾಧನಗಳ ಸಂಪರ್ಕದಂಥ ಕೆಲಸ ಮಾಡುವ ಎಸ್‌ಒಸಿ ಟೈಲ್ ಮತ್ತು ಐಒ ಟೈಲ್ ಎರಡೂ ಟಿಎಸ್‌ಎಂಸಿಯ ಎನ್6ನಲ್ಲಿ ಆದವು. ಎನ್6 ಅಂದರೆ ಅವರ 7 ನ್ಯಾನೋಮೀಟರ್ ಕುಟುಂಬದ ಪ್ರೊಸೆಸ್. ಸಾಂದ್ರತೆಯಲ್ಲಿ ನಿಮ್ಮ ಇಂಟೆಲ್ 7 ಹೆಚ್ಚುಕಡಿಮೆ ಅದೇ ಸಾಲಿನದ್ದು. ಯುಎಸ್‌ಬಿ, ಪಿಸಿಐ ಎಕ್ಸ್‌ಪ್ರೆಸ್, ಡಿಸ್‌ಪ್ಲೇ ಇಂಥ ಕೆಲಸಗಳಿಗೆ ಅತಿ ಹೊಸ ಪ್ರೊಸೆಸ್ ಬೇಕಾಗಿಯೇ ಇಲ್ಲ. ಹಾಗಿದ್ದರೂ ಈ ಟೈಲ್‌ಗಳು ಹೊರಗೆ ಹೋದವು. ಲೂನಾರ್ ಲೇಕ್‌ನ ಕಂಟ್ರೋಲರ್ ಟೈಲ್ ಎನ್6, ಆರೋ ಲೇಕ್‌ನ ಎಸ್‌ಒಸಿ ಟೈಲ್ ಎನ್6. ಒಂದು ತಲೆಮಾರಿನ ಅನಿವಾರ್ಯತೆ ಅಲ್ಲ ಇದು. ಮೂರು ತಲೆಮಾರು ಹಾಗೇ ನಡೆದುಕೊಂಡು ಬಂದಿದೆ.

ನಿಮ್ಮ ಪ್ರತಿಸ್ಪರ್ಧಿ ಎಎಂಡಿ 2019ರಲ್ಲಿ ಮಾಡಿದ್ದು ಇದರ ತದ್ವಿರುದ್ಧ. ಝೆನ್ 2 ಪ್ರೊಸೆಸರ್‌ನ ಕಂಪ್ಯೂಟ್ ಚಿಪ್ಲೆಟ್‌ಗಳನ್ನು (ಟೈಲ್‌ನಂಥ ತುಂಡುಗಳನ್ನು) ಟಿಎಸ್‌ಎಂಸಿಯ 7 ನ್ಯಾನೋಮೀಟರ್‌ನಲ್ಲಿ ಮಾಡಿಸಿತು. ಐಒ ಡೈಯನ್ನು, ಅಂದರೆ ಸಂಪರ್ಕದ ತುಂಡನ್ನು, ತಾನು ಹಿಂದೆ ಬೇರ್ಪಡಿಸಿದ್ದ ಫ್ಯಾಬ್‌ಗಳ ಕಂಪನಿ ಗ್ಲೋಬಲ್‌ಫೌಂಡ್ರೀಸ್‌ನ ಹಳೆಯ ಪ್ರೊಸೆಸ್‌ನಲ್ಲೇ ಉಳಿಸಿಕೊಂಡಿತು. ಹೊಸ ಪ್ರೊಸೆಸ್ ಎಲ್ಲಿ ಬೇಕೋ ಅಲ್ಲಿಗೆ ಮಾತ್ರ ದುಬಾರಿ ವೇಫರ್. ಉಳಿದದ್ದಕ್ಕೆ ಆಗಲೇ ದುಡ್ಡು ಹಾಕಿ ಆಗಿರುವ ಫ್ಯಾಬ್. ಫ್ಯಾಬ್ ಮಾರಿದ ಕಂಪನಿಯೇ ಹೀಗೆ ಯೋಚಿಸಿತು. ಫ್ಯಾಬ್ ಇಟ್ಟುಕೊಂಡಿರುವ ಕಂಪನಿ ಯೋಚಿಸಬೇಡವಾ?

ಹೀಗಾಗುವುದು ಯಾಕೆ ಅಂತ ವಿನ್ಯಾಸದ ಮೇಜಿನ ಕಡೆಯಿಂದ ನನಗೆ ಸ್ವಲ್ಪ ಗೊತ್ತಿದೆ. ಫ್ಯಾಬ್ ಮಂದಿ ಕೇಳಿಸಿಕೊಳ್ಳಬೇಕಾದ ಮಾತು ಇದು. ಒಂದು ಟೈಲ್ ವಿನ್ಯಾಸ ಮಾಡಬೇಕು ಅಂದರೆ ಎಲ್ಲವನ್ನೂ ಸೊನ್ನೆಯಿಂದ ಯಾರೂ ಮಾಡುವುದಿಲ್ಲ. ಯುಎಸ್‌ಬಿ ಬ್ಲಾಕ್, ಮೆಮೊರಿ ಇಂಟರ್‌ಫೇಸ್, ಗಡಿಯಾರ ಸಂಕೇತ ಕೊಡುವ ಪಿಎಲ್‌ಎಲ್ ಇವೆಲ್ಲ ಐಪಿಗಳಾಗಿ, ಅಂದರೆ ಕೊಂಡು ಬಳಸುವ ಸಿದ್ಧ ವಿನ್ಯಾಸಗಳಾಗಿ, ಹೊರಗಿನ ಕಂಪನಿಗಳಿಂದ ಸಿಗುತ್ತವೆ. ಟಿಎಸ್‌ಎಂಸಿಯ ಪ್ರೊಸೆಸ್‌ಗಳಿಗೆ ಅವು ಧಾರಾಳವಾಗಿ ಸಿಗುತ್ತವೆ. ಹಲವು ಗಿರಾಕಿಗಳ ಸಿಲಿಕಾನ್‌ನಲ್ಲಿ ಓಡಿ, ತಪ್ಪುಗಳು ಹೊರಬಿದ್ದು, ತಿದ್ದಿ ಗಟ್ಟಿಯಾಗಿರುತ್ತವೆ. ಫ್ಯಾಬ್ ಕೊಡುವ ಪಿಡಿಕೆ, ಅಂದರೆ ಆ ಪ್ರೊಸೆಸ್‌ಗೆ ವಿನ್ಯಾಸ ಹೇಗೆ ಮಾಡಬೇಕು ಅನ್ನುವ ನಿಯಮಗಳ ಮತ್ತು ಮಾದರಿಗಳ ಕಟ್ಟು, ಎಲ್ಲ ಟೂಲ್‌ಗಳ ಜೊತೆ ಹೊಂದಿಕೊಂಡಿರುತ್ತದೆ. ಇಂಟೆಲ್‌ನ ಹಳೆಯ ಪ್ರೊಸೆಸ್‌ಗಳು ದಶಕಗಳ ಕಾಲ ಮನೆಯೊಳಗಿನ ತಂಡಗಳಿಗೆ ಮಾತ್ರ ಅಂತ ಬೆಳೆದವು. ಟೂಲ್‌ಗಳೂ ಪದ್ಧತಿಗಳೂ ಬೇರೆಯೇ ಇದ್ದವು. ಹೊರಗಿನ ಐಪಿ ತಂದು ಕೂರಿಸುವುದು ಕಷ್ಟ ಇತ್ತು.

ಒಂದು ಫೌಂಡ್ರಿಯಿಂದ (ಬೇರೆಯವರಿಗೆ ಚಿಪ್ ಮಾಡಿಕೊಡುವ ಕಂಪನಿಯಿಂದ) ಇನ್ನೊಂದಕ್ಕೆ ವಿನ್ಯಾಸ ಬದಲಾಯಿಸುವ ಕೆಲಸವನ್ನು ನಾನೂ ಮಾಡಿದ್ದೇನೆ. ಅದು ಸುಮ್ನೆ ಫೈಲ್ ಕಾಪಿ ಮಾಡುವ ಕೆಲಸ ಅಲ್ಲ. ಲಾಜಿಕ್ ಭಾಗ ಹೇಗೋ ಸಾಗುತ್ತದೆ. ಅನಲಾಗ್ ಬ್ಲಾಕ್‌ಗಳನ್ನು ಹೆಚ್ಚುಕಡಿಮೆ ಮತ್ತೆ ಮಾಡಬೇಕು. ಟೈಮಿಂಗ್ ಮತ್ತೆ, ವೆರಿಫಿಕೇಶನ್ ಮತ್ತೆ, ಟೆಸ್ಟ್ ಚಿಪ್ ಮತ್ತೆ. ವರ್ಷಕ್ಕಿಂತ ಜಾಸ್ತಿ ಹಿಡಿಯುವುದು ಮಾಮೂಲು. ಟೇಪ್‌ಔಟ್ ತಾರೀಖು, ಅಂದರೆ ಮುಗಿದ ವಿನ್ಯಾಸ ಫ್ಯಾಬ್‌ಗೆ ಕೊಡಬೇಕಾದ ದಿನ, ತಲೆ ಮೇಲೆ ಇರುವ ಮ್ಯಾನೇಜರ್ ಏನು ಮಾಡುತ್ತಾರೆ? ಎಲ್ಲ ಸಿದ್ಧ ಇರುವ ಕಡೆಗೇ ಹೋಗುತ್ತಾರೆ. ಅವರ ಕಣ್ಣಿಗೆ ಕಾಣುವುದು ಅವರ ಪ್ರಾಜೆಕ್ಟಿನ ಖರ್ಚು ಮತ್ತು ದಿನಾಂಕ. ಅರಿಝೋನಾದಲ್ಲೋ ಐರ್ಲೆಂಡಿನಲ್ಲೋ ಯಂತ್ರ ಖಾಲಿ ನಿಂತಿರುವುದು ಅವರ ಲೆಕ್ಕದ ಹಾಳೆಯಲ್ಲಿ ಬರುವುದೇ ಇಲ್ಲ. ಅವರನ್ನು ದೂರಿ ಪ್ರಯೋಜನ ಇಲ್ಲ. ಎರಡೂ ಲೆಕ್ಕ ಒಟ್ಟಿಗೆ ಕಾಣುವುದು ನಿಮ್ಮ ಮೇಜಿನ ಮೇಲೆ ಮಾತ್ರ. ಅದಕ್ಕೇ ಈ ಪತ್ರ ನಿಮಗೆ.

ಆ ಎರಡನೇ ಲೆಕ್ಕ ಸಣ್ಣದಲ್ಲ. 2021ರಲ್ಲಿ ಅರಿಝೋನಾದ ಎರಡು ಫ್ಯಾಬ್‌ಗಳಿಗೆ ಅಂತ ಪ್ರಕಟಿಸಿದ ಮೊತ್ತವೇ 2,000 ಕೋಟಿ ಡಾಲರ್. ಅಷ್ಟು ದುಡ್ಡಿನ ಯಂತ್ರ ಓಡಲಿ, ನಿಲ್ಲಲಿ, ಸವಕಳಿ ಮಾತ್ರ ಪ್ರತಿ ತ್ರೈಮಾಸಿಕ ಬಂದೇ ಬರುತ್ತದೆ. ಕ್ಲೀನ್‌ರೂಮಿನ ಗಾಳಿ, ಕರೆಂಟು, ನೀರು, ಜನ ಯಾವುದನ್ನೂ ಅರ್ಧಕ್ಕೆ ನಿಲ್ಲಿಸೋಕೆ ಆಗುವುದಿಲ್ಲ. ಅದೇ ಹೊತ್ತಲ್ಲಿ ಹೊರಗೆ ಮಾಡಿಸಿದ ಪ್ರತಿ ವೇಫರಿನ ಬೆಲೆಯಲ್ಲಿ ಟಿಎಸ್‌ಎಂಸಿಯ ಸವಕಳಿಯೂ ಇದೆ, ಅವರ ಲಾಭವೂ ಇದೆ. 2024ರಲ್ಲಿ ಅವರ ಗ್ರಾಸ್ ಮಾರ್ಜಿನ್, ಅಂದರೆ ಮಾರಾಟದಲ್ಲಿ ತಯಾರಿಕೆಯ ಖರ್ಚು ಕಳೆದು ಉಳಿಯುವ ಪಾಲು, ಶೇ 56ರ ಆಸುಪಾಸು ಇತ್ತು. ನಿಮ್ಮದು 2018ರಲ್ಲಿ ಶೇ 60 ದಾಟಿದ್ದು, 2024ರಲ್ಲಿ ಶೇ 33ಕ್ಕಿಂತ ಕೆಳಗೆ ಬಂತು. ನಿಮ್ಮ ಫೌಂಡ್ರಿ ವಿಭಾಗದ ನಷ್ಟ 2022ರಲ್ಲಿ 520 ಕೋಟಿ ಡಾಲರ್, 2023ರಲ್ಲಿ 700 ಕೋಟಿ, 2024ರಲ್ಲಿ 1,340 ಕೋಟಿ. ಇದರಲ್ಲಿ ಹೊಸ ಪ್ರೊಸೆಸ್ ಶುರು ಮಾಡುವ ಖರ್ಚೂ ಇದೆ, ಯಂತ್ರಗಳ ಬೆಲೆ ಇಳಿಸಿ ಬರೆದದ್ದೂ ಇದೆ. ಎಲ್ಲವನ್ನೂ ಖಾಲಿ ಫ್ಯಾಬ್ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಖಾಲಿ ಯಂತ್ರದ ಪಾಲು ಎಷ್ಟು ಅಂತ ಹೊರಗಿನವರಿಗೆ ತಿಳಿಯುವ ಹಾಗೆ ನೀವು ಎಲ್ಲೂ ಬಿಡಿಸಿ ಹೇಳಿಲ್ಲ.

ಇನ್ನೂ ಒಂದು ಸಂಗತಿ ಇದೆ, ಇದು ಜಾಸ್ತಿ ಜನರ ಗಮನಕ್ಕೆ ಬಂದಿಲ್ಲ. 2024ರ ಜೂನ್‌ನಲ್ಲಿ ಐರ್ಲೆಂಡಿನ ಲೀಕ್ಸ್‌ಲಿಪ್‌ನಲ್ಲಿರುವ ಫ್ಯಾಬ್ 34ರ ಶೇ 49ರಷ್ಟು ಪಾಲನ್ನು 1,100 ಕೋಟಿ ಡಾಲರ್‌ಗೆ ಅಪೊಲೊ ಎಂಬ ಹೂಡಿಕೆ ಸಂಸ್ಥೆಗೆ ಕೊಟ್ಟಿರಿ. ಅದಕ್ಕೂ ಮೊದಲು, 2022ರಲ್ಲಿ, ಅರಿಝೋನಾದ ಫ್ಯಾಬ್‌ಗಳಿಗೆ ಬ್ರೂಕ್‌ಫೀಲ್ಡ್ ಎಂಬ ಹೂಡಿಕೆ ಸಂಸ್ಥೆಯ ಜೊತೆ ಅಂಥದೇ ಒಪ್ಪಂದ ಆಗಿತ್ತು. ಈ ಒಪ್ಪಂದಗಳಲ್ಲಿ ಇಂಟೆಲ್ ಕನಿಷ್ಠ ಇಷ್ಟು ವೇಫರ್ ಮಾಡಬೇಕು ಅಥವಾ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಪರಿಹಾರ ಇಲ್ಲವೇ ದಂಡ ಕಟ್ಟಬೇಕು ಎಂಬ ಷರತ್ತು ಇರುವುದು ನಿಮ್ಮ ವಾರ್ಷಿಕ ವರದಿಯಲ್ಲೇ ಇದೆ. ಅಂದರೆ ಕೆಲಸ ಹೊರಗೆ ಕಳಿಸಿ ಸ್ವಂತ ಫ್ಯಾಬ್ ತುಂಬದಿದ್ದರೆ ಸವಕಳಿಯ ಮೇಲೆ ದಂಡವೂ ಬೀಳಬಹುದು. ಯಾವುದೇ ಟೈಲ್ ಹೊರಗೆ ಕೊಡುವ ತೀರ್ಮಾನ ಆದಾಗ ಈ ಹಣವನ್ನೂ ಲೆಕ್ಕಕ್ಕೆ ಹಿಡಿಯುತ್ತಾರಾ? ಹಿಡಿದರೂ ಎನ್6 ಅಗ್ಗ ಅನ್ನಿಸುತ್ತದಾ?

ದುಡ್ಡಿಗಿಂತ ದೊಡ್ಡದು ಕಲಿಕೆ. ಯೀಲ್ಡ್ ಅಂದರೆ ಒಂದು ವೇಫರಿನಲ್ಲಿ ಸರಿಯಾಗಿ ಕೆಲಸ ಮಾಡುವ ಚಿಪ್‌ಗಳ ಪಾಲು. ಅದು ಸಭೆಗಳಿಂದ ಏರುವುದಿಲ್ಲ. ವೇಫರ್ ಓಡಿಸಿ, ದೋಷ ಹುಡುಕಿ, ಮತ್ತೆ ಓಡಿಸಿ ಏರಬೇಕು. ಟಿಎಸ್‌ಎಂಸಿ ಇಷ್ಟು ಮುಂದೆ ಹೋಗಿದ್ದಕ್ಕೆ ಒಂದು ಕಾರಣ ಎಲ್ಲರ ವೇಫರ್‌ಗಳೂ ಅದರ ಲೈನಿನಲ್ಲಿ ಓಡಿದ್ದು. ನಿಮ್ಮ ಒಂದೊಂದು ಟೈಲ್ ಅಲ್ಲಿಗೆ ಹೋದಾಗಲೂ ಅವರ ಎಂಜಿನಿಯರ್ ಒಂದಿಷ್ಟು ಕಲಿತರು, ನಿಮ್ಮವರು ಆ ಅವಕಾಶ ಕಳೆದುಕೊಂಡರು. ಜಾಲಹಳ್ಳಿಯ ಎಚ್‌ಎಂಟಿ, ದೂರವಾಣಿನಗರದ ಐಟಿಐ ನೋಡುತ್ತಾ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆಲಸ ಕಡಿಮೆಯಾದ ಕಾರ್ಖಾನೆಯಿಂದ ಮೊದಲು ಹೊರಟುಹೋಗುವುದು ಕೈಪಳಗಿದ ಜನ. ಯಂತ್ರ ಆಮೇಲೂ ಅಲ್ಲೇ ಇರುತ್ತದೆ.

ನನ್ನ ವಾದಕ್ಕೆ ಎದುರಾಗಿ ಎಎಂಡಿಯ ಇನ್ನೊಂದು ಕಥೆಯನ್ನೇ ಹೇಳಬಹುದು. 2009ರಲ್ಲಿ ಫ್ಯಾಬ್‌ಗಳನ್ನು ಬೇರ್ಪಡಿಸಿದ ಮೇಲೂ ಆ ಫ್ಯಾಬ್‌ಗಳಿಂದಲೇ ವೇಫರ್ ಕೊಳ್ಳಬೇಕು ಎಂಬ ಕರಾರಿಗೆ ಅದು ಸಿಕ್ಕಿಕೊಂಡಿತ್ತು. 2012ರ ಕೊನೆಯಲ್ಲಿ ಬೇಡದ ವೇಫರ್‌ಗಳಿಂದ ಬಿಡಿಸಿಕೊಳ್ಳಲು 32 ಕೋಟಿ ಡಾಲರ್ ಕೊಡಬೇಕಾಯಿತು. ಹಿಂದೆ ಬಿದ್ದ ಫ್ಯಾಬ್‌ಗೆ ಉತ್ಪನ್ನ ತಂಡವನ್ನು ಕಟ್ಟಿಹಾಕಿದರೆ ಎರಡೂ ಮುಳುಗುತ್ತವೆ, ನಿಜ. ಅದಕ್ಕೇ ನಾನು ಎಲ್ಲವನ್ನೂ ಒಳಗೇ ಮಾಡಿ ಅನ್ನುತ್ತಿಲ್ಲ. ಒಳಗೆ ಮಾಡಲು ಸಾಧ್ಯವಿರುವುದು ಹೊರಗೆ ಹೋಗುತ್ತಿದ್ದರೆ ಅದಕ್ಕೆ ಕಾರಣ ಕೊಡಿ ಅನ್ನುತ್ತಿದ್ದೇನೆ.

ಕಾರಣ ಕೇಳುವುದಕ್ಕೆ ಇಂಟೆಲ್ 7ರ ಕಥೆಯೇ ಸಾಕು. 2024ರ ಮೂರನೇ ತ್ರೈಮಾಸಿಕದಲ್ಲಿ 310 ಕೋಟಿ ಡಾಲರ್ ಲೆಕ್ಕದಿಂದ ಇಳಿಸಿದಿರಿ. ಅದರಲ್ಲಿ ಬಹುಪಾಲು ಇಂಟೆಲ್ 7ರ ಯಂತ್ರಗಳದ್ದು. ಇಷ್ಟು ಸಾಮರ್ಥ್ಯ ಇನ್ನು ಬೇಕಾಗುವುದಿಲ್ಲ ಅನ್ನುವ ಅಂದಾಜು ಅದರ ಹಿಂದೆ ಇತ್ತು. ಆದರೆ 2025ರ ಏಪ್ರಿಲ್ ಹೊತ್ತಿಗೆ ಗಿರಾಕಿಗಳು ಹೊಸ ದುಬಾರಿ ಚಿಪ್ ಬಿಟ್ಟು ಇಂಟೆಲ್ 7ರಲ್ಲಿ ಮಾಡಿದ ಹಿಂದಿನ ರಾಪ್ಟರ್ ಲೇಕ್ ಕೇಳುತ್ತಿದ್ದಾರೆ ಎಂದು ನಿಮ್ಮವರೇ ಹೇಳಿದರು. ಅಕ್ಟೋಬರ್‌ನಲ್ಲಿ ಇಂಟೆಲ್ 10 ಮತ್ತು 7ರಲ್ಲಿ ಸಾಮರ್ಥ್ಯ ಸಾಲುತ್ತಿಲ್ಲ ಎಂದರು. ಒಂದು ವರ್ಷದಲ್ಲಿ ಹೆಚ್ಚಾಗಿದ್ದು ಕೊರತೆಯಾಯಿತು. ಹೊರಗೆ ಮಾಡಿಸಿದ ಚಿಪ್‌ಗಿಂತ ಮನೆಯಲ್ಲಿ ಮಾಡಿದ ಹಳೆಯ ಚಿಪ್‌ಗೇ ಜನ ಬಂದರು. ಬೇಡಿಕೆ ಊಹಿಸುವುದು ಕಷ್ಟ ಅಂತ ನನಗೂ ಗೊತ್ತು. ಆದರೆ ಸ್ವಂತ ಸಾಮರ್ಥ್ಯವನ್ನು ಕಡಿಮೆ ಬೆಲೆಗೆ ತೂಗುವ, ಹೊರಗಿನದನ್ನು ಜಾಸ್ತಿ ನಂಬುವ ಮನಸ್ಸು ಒಂದು ಬಂದುಬಿಟ್ಟಿದೆ ಅನ್ನುವುದಕ್ಕೆ ಇದು ಸಾಕ್ಷಿ ಅಲ್ವಾ?

ಹೊರಗಿನ ಗಿರಾಕಿಗಳ ವಿಷಯಕ್ಕೆ ಬರುತ್ತೇನೆ. ದೊಡ್ಡ ಗಿರಾಕಿ ಸಿಗದಿದ್ದರೆ ಮುಂದೆ ಬರಬೇಕಾದ 14ಎ ಪ್ರೊಸೆಸನ್ನು ನಿಲ್ಲಿಸಬೇಕಾಗಬಹುದು ಎಂದು ನೀವು 2025ರ ಜುಲೈನಲ್ಲಿ ಹೇಳಿದಿರಿ. ಅಮೆರಿಕ ಸರ್ಕಾರ ಆಗಸ್ಟ್‌ನಲ್ಲಿ ಸುಮಾರು ಶೇ 10ರಷ್ಟು ಪಾಲು ತೆಗೆದುಕೊಂಡಿತು. ಎನ್‌ವಿಡಿಯಾ 500 ಕೋಟಿ ಡಾಲರ್, ಸಾಫ್ಟ್‌ಬ್ಯಾಂಕ್ 200 ಕೋಟಿ ಡಾಲರ್ ಹಾಕಲು ಮುಂದೆ ಬಂದವು. ಹಣ ಬಂತು. ಗಿರಾಕಿ ಬರುವುದು ಹಣದಿಂದಲ್ಲ, ನಂಬಿಕೆಯಿಂದ. ಹೋಟೆಲ್ ಮಾಲೀಕರ ಮನೆಯವರೇ ದಿನಾ ಎದುರಿನ ಹೋಟೆಲ್‌ನಲ್ಲಿ ಊಟ ಮಾಡಿದರೆ ದಾರಿಹೋಕರು ಒಳಗೆ ಬರುತ್ತಾರಾ? ಯಾವ ಕಂಪನಿಯ ಮುಖ್ಯಸ್ಥರಾದರೂ ಮೊದಲು ಕೇಳುವ ಪ್ರಶ್ನೆ ಒಂದೇ: ನಿಮ್ಮ ಸ್ವಂತ ಲ್ಯಾಪ್‌ಟಾಪ್ ಚಿಪ್ ಎಲ್ಲಿ ಆಗುತ್ತಿದೆ?

ಈ ಪ್ರಶ್ನೆಗೆ ನಿಮ್ಮ ಲ್ಯಾಪ್‌ಟಾಪ್ ಚಿಪ್ ಪ್ಯಾಂಥರ್ ಲೇಕ್ ಒಂದು ಒಳ್ಳೆಯ ಉತ್ತರ. ಅದರ ಕಂಪ್ಯೂಟ್ ಟೈಲ್ ಅರಿಝೋನಾದ ಫ್ಯಾಬ್ 52ರಲ್ಲಿ ನಿಮ್ಮದೇ ಹೊಸ 18ಎ ಪ್ರೊಸೆಸ್‌ನಲ್ಲಿ ಆಗುತ್ತಿದೆ. ಸಣ್ಣ ಗ್ರಾಫಿಕ್ಸ್ ಟೈಲ್ ಇಂಟೆಲ್ 3ರಲ್ಲಿ ಆಗುತ್ತಿದೆ. ಇದನ್ನು ಮನಸಾರೆ ಮೆಚ್ಚುತ್ತೇನೆ. ಇದಕ್ಕಾಗಿ ದುಡಿದವರಲ್ಲಿ ನಮ್ಮ ಊರಿನವರೂ ಇದ್ದಾರೆ. ಆದರೆ ಅದರಲ್ಲೂ ದೊಡ್ಡ ಗ್ರಾಫಿಕ್ಸ್ ಟೈಲ್ ಮತ್ತು ಕಂಟ್ರೋಲರ್ ಟೈಲ್ ಟಿಎಸ್‌ಎಂಸಿಯಿಂದಲೇ ಬರುತ್ತಿವೆ. ಮುಂದಿನ ನೋವಾ ಲೇಕ್‌ನಲ್ಲಿ ಕಂಪ್ಯೂಟ್ ಟೈಲ್‌ಗಳೂ ಒಳಗೆ ಮತ್ತು ಹೊರಗೆ ಎರಡೂ ಕಡೆ ಆಗುತ್ತವೆ ಎಂದು ಕಂಪನಿ 2025ರ ಆರಂಭದಲ್ಲೇ ಹೇಳಿದೆ. ಹೊರಗಿನ ವೇಫರ್ ಸೊನ್ನೆಗೆ ಇಳಿಸುವ ಗುರಿ ಈಗ ಇಲ್ಲ, ಶೇ 15ರಿಂದ 20 ಇಟ್ಟುಕೊಳ್ಳುವ ಯೋಚನೆ ಇದೆ ಎಂದು ಆ ವರ್ಷದ ಮಾರ್ಚ್‌ನಲ್ಲಿ ನಿಮ್ಮ ಹೂಡಿಕೆದಾರರ ಸಂಪರ್ಕ ಅಧಿಕಾರಿ ಹೇಳಿದರು. ಶೇ 20 ಇರಲಿ ಬಿಡಿ. ಯಾವ 20 ಅನ್ನುವುದು ಮುಖ್ಯ. ನಿಮ್ಮಲ್ಲಿ ಇಲ್ಲದ ಪ್ರೊಸೆಸ್‌ಗೆ ಕೊಡುವ 20 ಬೇರೆ. ನಿಮ್ಮಲ್ಲಿ ಇದ್ದೂ ಹೊರಗೆ ಕೊಡುವ 20 ಬೇರೆ.

ಆದ್ದರಿಂದ ನನ್ನ ಕೋರಿಕೆಗಳು ಇವು. ಪ್ರತಿ ತ್ರೈಮಾಸಿಕದ ಫಲಿತಾಂಶದ ಜೊತೆ, ಯಾವ ಪ್ರೊಸೆಸ್‌ನ ಎಷ್ಟು ಸಾಮರ್ಥ್ಯ ಬಳಕೆಯಲ್ಲಿದೆ, ಹೊರಗೆ ಎಷ್ಟು ವೇಫರ್ ಹೋಗಿದೆ ಎಂದು ಪ್ರಕಟಿಸಿ. ಗಿರಾಕಿಯ ಗುಟ್ಟು ಬಿಟ್ಟುಕೊಡಿ ಅಂತ ಯಾರೂ ಕೇಳುತ್ತಿಲ್ಲ. ಎರಡು ಶೇಕಡಾವಾರು ಅಂಕಿ ಸಾಕು. ಅಮೆರಿಕದ ತೆರಿಗೆದಾರರ ಹಣ ನಿಮ್ಮಲ್ಲಿ ಇರುವಾಗ ಇದು ಅತಿಯಾದ ಬೇಡಿಕೆ ಅಲ್ಲ.

ಹೊಸ ಟೈಲ್ ಒಂದನ್ನು ಹೊರಗೆ ಕೊಡುವ ಪ್ರಸ್ತಾವ ಬಂದಾಗ ವೇಫರ್ ಬೆಲೆಯನ್ನು ಮಾತ್ರ ಹೋಲಿಸಬೇಡಿ. ಒಳಗೆ ಯಂತ್ರ ಖಾಲಿ ನಿಲ್ಲುವ ಖರ್ಚು, ಪಾಲುದಾರರಿಗೆ ಕಟ್ಟಬೇಕಾಗಬಹುದಾದ ಪರಿಹಾರ, ಕಳೆದುಹೋಗುವ ಕಲಿಕೆ ಎಲ್ಲ ಸೇರಿಸಿ. ಆ ಮೇಲೂ ಹೊರಗಿನದೇ ಮೇಲು ಅನ್ನಿಸಿದರೆ ಹೋಗಲಿ.

ಎನ್6ನಲ್ಲಿ ಆಗುತ್ತಿರುವ ಟೈಲ್‌ಗಳನ್ನು ಮನೆಗೆ ತರುವುದಕ್ಕೆ ಒಂದು ತಾರೀಖು ಇಡಿ. ಇಂಟೆಲ್ 7ರಲ್ಲಿ ಜಾಗ ಇಲ್ಲದಿದ್ದರೆ ಇಂಟೆಲ್ 3 ಇದೆ, ಮುಂದೆ ಬೇರೆಯೂ ಬರುತ್ತವೆ. ಇದಕ್ಕೆ ನಿಜವಾಗಿ ಬೇಕಾಗಿರುವುದು ಹೊಸ ಕಟ್ಟಡ ಅಲ್ಲ, ಐಪಿ ಮತ್ತು ಪಿಡಿಕೆ. ಆ ಕೆಲಸ ಮಾಡಬಲ್ಲ ಜನ ಬೆಂಗಳೂರಿನಲ್ಲೇ ಇದ್ದಾರೆ. ಎಷ್ಟೋ ಮಂದಿ ನಿಮ್ಮ ಕಟ್ಟಡದಲ್ಲೇ ಇದ್ದಾರೆ. ಅನಲಾಗ್, ಸೆರ್‌ಡಿಸ್ (ಅತಿವೇಗದ ಡೇಟಾ ಸಂಪರ್ಕದ ಸರ್ಕ್ಯೂಟ್) ಬಲ್ಲವರನ್ನು ಖರ್ಚು ಕಡಿತದ ಹೆಸರಲ್ಲಿ ಕಳಿಸಿಬಿಟ್ಟರೆ ಇನ್ನೂ ಒಂದು ತಲೆಮಾರು ಎನ್6ಗೇ ಹೋಗಬೇಕಾಗುತ್ತದೆ. 2024ರ ಆಗಸ್ಟ್‌ನಲ್ಲಿ ಸುಮಾರು 15,000 ಹುದ್ದೆ ಕಡಿತ, ಮರುವರ್ಷ ಮತ್ತೊಂದು ದೊಡ್ಡ ಸುತ್ತು. ಕೆಲಸ ಹೊರಗೆ ಹೋಗಿದ್ದರಿಂದ ಆದ ನಷ್ಟವನ್ನು ಒಳಗಿನವರ ಸಂಬಳದಿಂದ ತುಂಬಬೇಡಿ ಎಂದು ಬೇಡಿಕೊಳ್ಳುತ್ತೇನೆ.

ನೋವಾ ಲೇಕ್‌ನಲ್ಲಿ ಒಳಗೆಷ್ಟು, ಹೊರಗೆಷ್ಟು ಎಂದು ಮಾರುಕಟ್ಟೆಗೆ ಬರುವ ಮೊದಲೇ ಹೇಳಿ. 14ಎ ವಿಷಯದಲ್ಲಿ ಹೊರಗಿನವರನ್ನು ಕಾಯುವ ಮೊದಲು ನಿಮ್ಮದೇ ಉತ್ಪನ್ನ ವಿಭಾಗ ಯಾವ ಚಿಪ್ಪಿಗೆ, ಯಾವ ಪ್ರಮಾಣದಲ್ಲಿ ಅದನ್ನು ಬಳಸುತ್ತದೆ ಎಂದು ಪ್ರಕಟಿಸಿ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಚಿಪ್ ವಿನ್ಯಾಸದ ಬಾಗಿಲು ತೆರೆಯಿತು. ಆ ಕಂಪನಿ ಈಗ 2030ರ ಹೊತ್ತಿಗೆ ತನ್ನ ವೇಫರ್‌ಗಳಲ್ಲಿ ಶೇ 90ಕ್ಕಿಂತ ಜಾಸ್ತಿ ಸ್ವಂತ ಫ್ಯಾಬ್‌ಗಳಲ್ಲೇ ಮಾಡುವುದಾಗಿ ಬಹಿರಂಗವಾಗಿ ಹೇಳಿಕೊಂಡಿದೆ. ಅವರ ಚಿಪ್ ಬೇರೆ, ನಿಮ್ಮದು ಬೇರೆ. ಅವರು ಮಾಡುವ ಅನಲಾಗ್ ಚಿಪ್‌ಗಳಿಗೆ 3 ನ್ಯಾನೋಮೀಟರ್ ಬೇಕಿಲ್ಲ. ಅದೇ ಅಂಕಿಯನ್ನು ನಿಮ್ಮಿಂದ ನಾನು ನಿರೀಕ್ಷಿಸುವುದಿಲ್ಲ. ಹಾಗೆ ಒಂದು ಅಂಕಿ, ಒಂದು ವರ್ಷ ಹೇಳಿ ಅದಕ್ಕೆ ಜವಾಬ್ದಾರರಾಗಿ ಎಂದು ಮಾತ್ರ ಕೇಳುತ್ತಿದ್ದೇನೆ. ಗುಜರಾತಿನ ಧೋಲೇರಾದಲ್ಲಿ ಟಾಟಾ ಫ್ಯಾಬ್ ಏಳುತ್ತಿದೆ. ನಮ್ಮ ದೇಶದಲ್ಲಿ ಫ್ಯಾಬ್ ಕಟ್ಟುವವರೂ ಅದನ್ನು ಹೇಗೆ ತುಂಬಿಸಬೇಕು ಎಂದು ನಿಮ್ಮನ್ನೇ ನೋಡುತ್ತಿದ್ದಾರೆ.

ಈ ಪತ್ರಕ್ಕೆ ನಿಮ್ಮ ಮುಂದಿನ ತ್ರೈಮಾಸಿಕ ವರದಿಯಲ್ಲಿ ಆ ಎರಡು ಅಂಕಿಗಳ ರೂಪದಲ್ಲಿ ಉತ್ತರ ಸಿಕ್ಕರೂ ಸಾಕು.

ವಿಶ್ವಾಸದಿಂದ,
ಬೆಂಗಳೂರಿನ ಒಬ್ಬ ಚಿಪ್ ವಿನ್ಯಾಸ ಎಂಜಿನಿಯರ್